ಹಿಮಾಲಯದ ರಕ್ತ, ಯುರೋಪಿನ ಸಾಲುಮರ

ನಮ್ಮ ತಪಸಿ ಮರದಿಂದ ಬೇಸಿಗೆಯಲ್ಲಿ ಗಾಳಿಗೆ ತೇಲಿ ಬರುವ, ನಡುವೆ ಒಂದೇ ಬೀಜವಿರುವ ತೆಳು ಬಿಲ್ಲೆಗಳನ್ನು ಅಂಗೈಯಲ್ಲಿ ಹಿಡಿದು ನೋಡಿದವರಿಗೆ ಎಲ್ಮ್ ಮರದ ಬೀಜವೂ ಪರಿಚಿತವೆನಿಸುತ್ತದೆ. ಎರಡೂ ಒಂದೇ ಕುಟುಂಬದವು. ಆಮ್‌ಸ್ಟರ್‌ಡಾಮಿನ ಕಾಲುವೆ ದಂಡೆಗಳ ಮೇಲೆ ಎಲ್ಮ್ ಬೀಜ ರಾಶಿ ರಾಶಿಯಾಗಿ ಉದುರುವುದನ್ನು ಅಲ್ಲಿನವರು ‘ವಸಂತದ ಹಿಮ’ ಎನ್ನುತ್ತಾರೆ. ಅದು ಇಂದಿಗೂ ಉದುರುತ್ತಿರುವುದರ ಹಿಂದೆ ನೂರು ವರ್ಷಗಳ ದುಡಿಮೆಯಿದೆ.

ಕಡಲ ಗಾಳಿ, ಬುಡದವರೆಗೂ ಹಾಸಿದ ಕಲ್ಲು, ಕಡೆಗೆ ಉಪ್ಪಿನಂಶ, ಎಲ್ಲವನ್ನೂ ತಾಳಿಕೊಳ್ಳುವ ನೆರಳಿನ ಮರ ಎಲ್ಮ್. ಒಂದನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅದು ಸಾಯತೊಡಗಿತು. ಡಚ್ ಸಸ್ಯರೋಗ ವಿಜ್ಞಾನಿ ಯೊಹಾನ್ನಾ ವೆಸ್ಟರ್‌ಡೈಕ್ ಅವರ ಪ್ರಯೋಗಾಲಯದಲ್ಲಿದ್ದ ಬೆಯಾ ಶ್ವಾರ್ಟ್ಸ್ ಇದಕ್ಕೆ ಶಿಲೀಂಧ್ರವೇ ಕಾರಣವೆಂದು ತೋರಿಸಿದರು. ಹಲವರು ನಂಬಲಿಲ್ಲ. ಅದೇ ಪ್ರಯೋಗಾಲಯದ ಕ್ರಿಸ್ಟೀನ್ ಬೌಸ್ಮನ್ ಮತ್ತೆ ಪರೀಕ್ಷಿಸಿ ಅದನ್ನು ದೃಢಪಡಿಸಿದರು. ಆ ಅಧ್ಯಯನ ನಡೆದದ್ದು ನೆದರ್‌ಲ್ಯಾಂಡ್ಸ್‌ನಲ್ಲಿ ಎಂಬ ಕಾರಣಕ್ಕೇ ‘ಡಚ್ ಎಲ್ಮ್ ರೋಗ’ ಎಂಬ ಹೆಸರು ಅಂಟಿಕೊಂಡಿತು.

ತೊಗಟೆ ಕೊರೆಯುವ ಸಣ್ಣ ದುಂಬಿ ವಸಂತದಲ್ಲಿ ಎಳೆ ರೆಂಬೆಗಳ ಕವಲನ್ನು ಕಚ್ಚುತ್ತದೆ. ಅದರ ಮೈಗಂಟಿದ ಬೀಜಾಣುಗಳು ಮರದ ನೀರುನಾಳಗಳಿಗಿಳಿಯುತ್ತವೆ. ಶತ್ರುವನ್ನು ತಡೆಯಲು ಮರ ತನ್ನ ನಾಳಗಳನ್ನೇ ಮುಚ್ಚಿಕೊಳ್ಳುತ್ತದೆ. ನೀರಿಲ್ಲದೆ ನಡು ಬೇಸಿಗೆಯಲ್ಲಿ ಯಾವುದೋ ಒಂದು ಕೊಂಬೆಯ ಎಲೆಗಳು ಹಳದಿಯಾಗಿ ಮುದುಡುತ್ತವೆ. ಆ ರೆಂಬೆಯನ್ನು ಅಡ್ಡ ಕತ್ತರಿಸಿದರೆ ತೊಗಟೆಯ ಒಳಬದಿಗೆ ಕಂದು ಚುಕ್ಕೆಗಳ ಬಳೆ ಕಾಣಿಸುತ್ತದೆ. ಅಕ್ಕಪಕ್ಕದ ಮರಗಳ ಬೇರುಗಳು ಬೆಸೆದುಕೊಂಡಿದ್ದರೆ ರೋಗ ಸಾಲಿನುದ್ದಕ್ಕೂ ಸಾಗುತ್ತದೆ.

ರೋಗ ತಾಳುವ ತಳಿಗಾಗಿ ಡಚ್ಚರು 1928ರಲ್ಲೇ ಹುಡುಕಾಟ ಶುರುಮಾಡಿದರು. ಮೊದಲು ಬಂದ ‘ಕ್ರಿಸ್ಟೀನ್ ಬೌಸ್ಮನ್’ ತಳಿ ಬೀದಿಮರಕ್ಕೆ ತಕ್ಕಂತೆ ನೀಟಾಗಿ ಬೆಳೆಯಲಿಲ್ಲ, ಬೇರೊಂದು ಶಿಲೀಂಧ್ರಕ್ಕೂ ತುತ್ತಾಯಿತು. 1960ರ ಸುಮಾರಿಗೆ ಬಂದ ‘ಕಾಮೆಲಿನ್’ ಮಿಶ್ರತಳಿಯನ್ನು ಬಹಳ ಕಡೆ ನೆಟ್ಟರು. ಅಷ್ಟರಲ್ಲಿ ಎಲ್ಮ್ ರೋಗವನ್ನೇ ತರುವ, ಹೆಚ್ಚು ಉಗ್ರವಾದ ಇನ್ನೊಂದು ಶಿಲೀಂಧ್ರ ಹಬ್ಬಿತು. ‘ಕಾಮೆಲಿನ್’ ಅದಕ್ಕೆ ಸೋತಿತು. ಬ್ರಿಟನ್ ಒಂದರಲ್ಲೇ ಎರಡೂವರೆ ಕೋಟಿಗೂ ಹೆಚ್ಚು ಎಲ್ಮ್‌ಗಳು ಸತ್ತವು.

ತಳಿ ಬೆಳೆಸುವ ಕೆಲಸವನ್ನು ಕೈಬಿಡದೆ ಮುಂದುವರಿಸಿದವರು ಡಚ್ ವಿಜ್ಞಾನಿ ಹಾನ್ಸ್ ಹೈಬ್ರೂಕ್. ಅವರು ನೆಚ್ಚಿದ್ದು ನಮ್ಮ ಹಿಮಾಲಯದ ಎಲ್ಮನ್ನು. 1970ರ ದಶಕದ ‘ಲೋಬೆಲ್’, ‘ಡೊಡೂನ್ಸ್’, ‘ಪ್ಲಾಂಟಿನ್’ ಮೂರರಲ್ಲೂ ಅದರ ರಕ್ತವಿದೆ. ಅವುಗಳಿಗೂ ಉಗ್ರ ಶಿಲೀಂಧ್ರದೆದುರು ಪೂರ್ಣ ರಕ್ಷಣೆ ಇರಲಿಲ್ಲ. 1989ರಲ್ಲಿ ‘ಕಾಲುಮೆಲ್ಲಾ’ ಬಂತು. ಡಚ್ಚರು ಬೆಳೆಸಿ ಫ್ರಾನ್ಸ್‌ನಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ ‘ಲುಟೆಸ್’ 2002ರಲ್ಲಿ ಮಾರುಕಟ್ಟೆಗೆ ಬಂತು.

ಅಮೆರಿಕದ ದಾರಿ ಬೇರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಯೂಜೀನ್ ಸ್ಮಾಲಿ ಜಪಾನಿನ ಸಪ್ಪೊರೊದಿಂದ ತರಿಸಿದ ಬೀಜದಿಂದ ‘ಸಪ್ಪೊರೊ ಆಟಮ್ ಗೋಲ್ಡ್’ ಬೆಳೆಸಿದರು; ಅದು ಸೈಬೀರಿಯಾ ಮತ್ತು ಜಪಾನಿನ ಎಲ್ಮ್‌ಗಳ ಮಿಶ್ರತಳಿ. ಅಮೆರಿಕದ ಸ್ವಂತ ಎಲ್ಮ್‌ಗೆ ಸಾಮಾನ್ಯವಾಗಿ 56 ವರ್ಣತಂತುಗಳು, ಉಳಿದವಕ್ಕೆ 28. ಹೀಗಾಗಿ ಅವುಗಳ ನಡುವೆ ಮಿಶ್ರತಳಿ ಬೆಳೆಸುವುದು ಬಲು ಕಷ್ಟ. ಆದ್ದರಿಂದ ಅಲ್ಲಿ ‘ವ್ಯಾಲಿ ಫೋರ್ಜ್’ನಂಥ ರೋಗ ತಾಳುವ ಶುದ್ಧ ಅಮೆರಿಕನ್ ಮರಗಳನ್ನೇ ಆರಿಸಿದರು. ಬೀದಿಯ ಎರಡೂ ಬದಿಯಿಂದ ಕಮಾನು ಕಟ್ಟುವ ಆ ಮರದ ಚೆಲುವು ಏಷ್ಯಾದ ಮಿಶ್ರತಳಿಗಳಿಗೆ ಇನ್ನೂ ಒಲಿದಿಲ್ಲ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಗಳಿಕೆ ಒಂದೇ ತಳಿಯನ್ನು ಊರೆಲ್ಲ ನೆಡುವ ಚಾಳಿ ಸಡಿಲಿಸಿದ್ದು. ಆಮ್‌ಸ್ಟರ್‌ಡಾಮ್ ಹಲವು ತಳಿಗಳನ್ನು ಬೆರೆಸಿ ನೆಡುತ್ತದೆ, ರೋಗ ಬಿದ್ದ ಮರವನ್ನು ತಡಮಾಡದೆ ಕಡಿದು ತೆಗೆಯುತ್ತದೆ. ಇತ್ತ, ಯುರೋಪಿನ ಸಾಲುಮರಗಳಿಗೆ ರಕ್ತ ಕೊಟ್ಟ ಹಿಮಾಲಯದ ಎಲ್ಮ್, ದನದ ಮೇವಿಗಾಗಿ ಸೊಪ್ಪು ಸವರಿಸಿಕೊಳ್ಳುತ್ತಲೇ, ಅಪಾಯದಂಚಿನ ಮರಗಳ ಅಂತರರಾಷ್ಟ್ರೀಯ ಪಟ್ಟಿ ಸೇರಿದೆ.