ಎರವಲು ಕವಚ

ಬೆಳ್ಳಿ ಮೂಡಿತೇ ಎಂದು ನೋಡಿ ಏಳುವುದು ಹಿಂದಿನ ರೈತರ ಗಡಿಯಾರ. ಹೊಸೂರಿನಾಚೆಯ ತಳಿ ಊರಿನ ಸುತ್ತಿನ ಕನ್ನಡ ಮನೆಗಳಿಗೂ ಆ ಲೆಕ್ಕ ಹೊಸದಲ್ಲ. ಬೆಳ್ಳಿ ಎಂದರೆ ಶುಕ್ರಗ್ರಹ. ನೋಡಲು ಅಷ್ಟು ನಿಶ್ಚಲವಾದ ಆ ಚುಕ್ಕಿಗೆ ಸೂರ್ಯನ ಕಡೆಯ ಗಾಳಿ ಎಡೆಬಿಡದೆ ಬಡಿಯುತ್ತಿದೆ ಎಂಬುದು ತಿಳಿದದ್ದು ಮಾತ್ರ ತೀರ ಈಚೆಗೆ.

ಆ ಗಾಳಿಯ ಸುಳಿವು ಕೊಟ್ಟವು ಬಾಲಚುಕ್ಕಿಗಳು. ಅವುಗಳ ಅನಿಲದ ಬಾಲ ಸದಾ ಸೂರ್ಯನಿಂದಾಚೆಗೇ ಚಾಚಿರುತ್ತದೆ. ಬೆಳಕಿನ ಒತ್ತಡವೊಂದೇ ಅದಕ್ಕೆ ಸಾಲದು, ಸೂರ್ಯನಿಂದ ಕಣಗಳೇ ಹರಿದು ಬರುತ್ತಿರಬೇಕು ಎಂದು ಜರ್ಮನಿಯ ಲುಡ್ವಿಗ್ ಬೀರ್‌ಮನ್ 1951ರಲ್ಲಿ ವಾದಿಸಿದರು. 1958ರಲ್ಲಿ ಯೂಜೀನ್ ಪಾರ್ಕರ್ ಅದರ ಗಣಿತ ಬರೆದು 'ಸೌರ ಮಾರುತ' ಎಂದು ಹೆಸರಿಟ್ಟರು. ಪ್ರಬಂಧ ಪರಿಶೀಲಿಸಿದ ಇಬ್ಬರು ತಜ್ಞರೂ ಬೇಡವೆಂದರು. ಉಳಿಸಿದವರು ಪತ್ರಿಕೆಯ ಸಂಪಾದಕ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ನಂಬಿಕೆಯಿರಲಿಲ್ಲ, ಆದರೆ ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ, ಅಚ್ಚಿಗೆ ಕಳಿಸಿದರು. ಸಂಪಾದಕರೆಂದರೆ ಹೀಗಿರಬೇಕು.

1962ರಲ್ಲಿ ಮ್ಯಾರಿನರ್ 2 ನೌಕೆ ದಾರಿಯುದ್ದಕ್ಕೂ ಆ ಗಾಳಿಯನ್ನು ಅಳೆಯುತ್ತಾ ಹೋಗಿ ಶುಕ್ರನ ಪಕ್ಕ ಹಾದುಹೋಯಿತು. ಗಾಳಿಯನ್ನು ತಡೆಯಬಲ್ಲ ಕಾಂತಕ್ಷೇತ್ರ ಅಲ್ಲಿ ಸಿಗಲಿಲ್ಲ.

ಹಾಗಾದರೆ ಶುಕ್ರನಲ್ಲಿ ಆ ಗಾಳಿಯನ್ನು ತಡೆಯುವವರಾರು? 1975ರ ವೆನೆರಾ 9 ಮತ್ತು 10, ಆಮೇಲೆ 1978ರಿಂದ 1992ರವರೆಗೆ ಸುತ್ತಿದ ಪಯನಿಯರ್ ವೀನಸ್ ಇದನ್ನು ಬಿಡಿಸಿದವು. ಬಿಸಿಲಿನ ಅತಿನೇರಳೆ ಕಿರಣಗಳು ಶುಕ್ರನ ಮೇಲ್ವಾತಾವರಣವನ್ನು ವಿದ್ಯುತ್ ಹರಿಯಬಲ್ಲ ಪದರವಾಗಿಸುತ್ತವೆ. ಸೌರ ಮಾರುತ ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ಬಂದು ಬಡಿದಾಗ ಆ ಪದರದಲ್ಲಿ ವಿದ್ಯುತ್ ಪ್ರವಾಹ ಏಳುತ್ತದೆ. ಕ್ಷೇತ್ರ ಒಳನುಗ್ಗಲಾರದೆ ಹಗಲಿನ ಬದಿಯಲ್ಲಿ ರಾಶಿಬಿದ್ದು, ಹೊಳೆಯ ಬಂಡೆಗೆ ಸಿಕ್ಕ ಜೊಂಡಿನಂತೆ ಎರಡೂ ಬದಿಯಿಂದ ಹಿಂದಕ್ಕೆ ಬಾಲವಾಗಿ ಎಳೆದುಕೊಳ್ಳುತ್ತದೆ. ಕವಚ ಎರವಲಿನದು. ಗಾಳಿಯ ಕ್ಷೇತ್ರ ದಿಕ್ಕು ಬದಲಿಸಿದರೆ ಬಾಲದ ಕ್ಷೇತ್ರವೂ ತಿರುಗುತ್ತದೆ.

ಚಂದ್ರನಿಗೆ ಆ ಎರವಲೂ ಇಲ್ಲ. ಗಾಳಿ ನೇರ ಮಣ್ಣಿಗೇ ಬಡಿಯುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡು 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರಲ್ಲಿ ಸ್ವೀಡನ್ನಿನವರೂ ನಮ್ಮವರೂ ಸೇರಿ ಮಾಡಿದ 'ಸಾರಾ' ಉಪಕರಣವಿತ್ತು. ನೌಕೆಯ ಮಾತು ಕೇಳಲೆಂದೇ ಬ್ಯಾಲಾಳು ಹಳ್ಳಿಯ ಬಳಿ 32 ಮೀಟರಿನ ಆಂಟೆನಾ ಎದ್ದಿತ್ತು. ಮಣ್ಣಿಗೆ ಬಡಿದು ಪುಟಿಯುವ ಜಲಜನಕದ ಪರಮಾಣುಗಳನ್ನು ಸಾರಾ ಎಣಿಸುತ್ತಿದ್ದಾಗ, ಚಂದ್ರನ ಆಚೆಬದಿಯ ಗೆರಾಸಿಮೊವಿಚ್ ಕುಳಿಯ ಹತ್ತಿರ ಎಣಿಕೆ ಇಳಿಯಿತು. ಅಲ್ಲಿನ ಕಾಂತೀಯ ಬಂಡೆಗಳು ಗಾಳಿಯನ್ನು ಬದಿಗೆ ತಳ್ಳಿ ಸುಮಾರು 360 ಕಿ.ಮೀ. ಅಗಲದ ಪುಟ್ಟ ಮರೆ ಕಟ್ಟಿದ್ದವು.

ಮಂಗಳನದು ಇವೆರಡರ ನಡುವಿನ ಸ್ಥಿತಿ: ಶುಕ್ರನಂತೆ ಎರವಲು ಕವಚ, ಚಂದ್ರನಂತೆ ಅಲ್ಲಲ್ಲಿ ಕಾಂತೀಯ ನೆಲ. 2014ರ ಸೆಪ್ಟೆಂಬರ್ 24ರಂದು ಅಲ್ಲಿ ತಲುಪಿದ ಮಂಗಳಯಾನದ ಐದು ಉಪಕರಣಗಳಲ್ಲಿ ಕಾಂತಮಾಪಕ ಇರಲಿಲ್ಲ, ಅದೊಂದು ಕೊರತೆಯೇ. ಸೂರ್ಯನನ್ನು ಗಮನಿಸುವ ಆದಿತ್ಯ-ಎಲ್1 ನೌಕೆಗೆ ಕಾಂತಮಾಪಕ ಸಿಕ್ಕಿತು: 2024ರ ಜನವರಿಯಲ್ಲಿ ಆರು ಮೀಟರಿನ ತೋಳು ಚಾಚಿ, ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ಗಾಳಿ ಹೊತ್ತು ತರುವ ಕ್ಷೇತ್ರವನ್ನೇ ಅಳೆಯತೊಡಗಿತು.