ಪದ ಪರಿಚಯ: ಪಾರ್ಶ್ವವಾಯು

ಸಂಸ್ಕೃತದಲ್ಲಿ ‘ಪರ್ಶು’ ಎಂದರೆ ಪಕ್ಕೆಲುಬು. ಅದರಿಂದ ‘ಪಾರ್ಶ್ವ’, ಅಂದರೆ ಮಗ್ಗುಲು. ಒಂದು ಮಗ್ಗುಲು ಸ್ವಾಧೀನ ತಪ್ಪುವುದಕ್ಕೆ ವಾತವೇ ಕಾರಣವೆಂದು ಹಿಂದಿನ ವೈದ್ಯರು ನಂಬಿದ್ದರಿಂದ ‘ವಾಯು’ ಸೇರಿಕೊಂಡಿತು. ಆಯುರ್ವೇದದಲ್ಲಿ ಇದೇ ‘ಪಕ್ಷಾಘಾತ’, ಒಂದು ಬದಿಗೆ ಬಿದ್ದ ಪೆಟ್ಟು. ಆಡುಮಾತಿನ ‘ಲಕ್ವ’ ಅರಬ್ಬೀ ಮೂಲದ್ದು. ಅಲ್ಲಿ ಅದು ಮುಖ ಸೊಟ್ಟಗಾಗುವ ಕಾಯಿಲೆಯ ಹೆಸರು. ಕನ್ನಡದಲ್ಲಿ ಅರ್ಥ ಹಿಗ್ಗಿತು: ‘ಅಜ್ಜನಿಗೆ ಲಕ್ವ ಹೊಡೆದಿದೆ’ ಎಂದರೆ ಕೈಕಾಲು ಬಿದ್ದುಹೋದದ್ದೂ ಸೇರಿತು.

ಹೆಸರು ಮೈಯ ಪಕ್ಕವನ್ನು ತೋರಿಸಿದರೂ ರೋಗದ ನೆಲೆ ಮಿದುಳು. ಅಲ್ಲಿನ ರಕ್ತನಾಳ ಕಟ್ಟಿಕೊಳ್ಳುತ್ತದೆ ಅಥವಾ ಒಡೆಯುತ್ತದೆ. ಎಡ ಮಿದುಳಿಗೆ ಪೆಟ್ಟಾದರೆ ಬಲ ಮೈ ಸೋಲುತ್ತದೆ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರ ಅಧ್ಯಯನವೊಂದು ಅಂದಾಜಿಸಿತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೆಲವು ರೋಗಿಗಳಲ್ಲಿ 24 ಗಂಟೆಯವರೆಗೂ ಕೊಳವೆ ತೂರಿಸಿ ಹೆಪ್ಪನ್ನು ಹೊರತೆಗೆದು ಕಾಪಾಡಬಹುದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆದರೂ ಬೇಗ ಹೋದಷ್ಟೂ ಉಳಿಯುವುದು ಹೆಚ್ಚು.

ಬಾಯಿ ಓರೆಯಾದರೆ, ಎತ್ತಿದ ಕೈ ಜಾರಿದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಗಡಿಯಾರ ನೋಡಿಕೊಂಡು ತಕ್ಷಣ 108ಕ್ಕೆ ಕರೆ ಮಾಡಿ.