ಬಣ್ಣ ಹೋಯಿತು, ಉಪ್ಪು ಉಳಿಯಿತು

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ತಮಿಳಿನಲ್ಲಿ ‘ಸಾಯಪ್ಪಟ್ಟರೈ’ ಎನ್ನುತ್ತಾರೆ. ಸಾಯ ಎಂದರೆ ಬಣ್ಣ, ಪಟ್ಟರೈ ಎಂದರೆ ಕಸುಬು ನಡೆಯುವ ಜಾಗ. ಹೆಸರು ಬಣ್ಣದ್ದಾದರೂ ತಿರುಪ್ಪೂರಿನ ಸಾಯಪ್ಪಟ್ಟರೈಗಳ ಕಥೆ ಉಪ್ಪಿನದು.

ನೊಯ್ಯಲ್ ನದಿ ಕೊಯಮತ್ತೂರಿನ ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟಿ, ತಿರುಪ್ಪೂರನ್ನು ಹಾದು, ಕರೂರು ಜಿಲ್ಲೆಯಲ್ಲಿ ನಮ್ಮ ಕಾವೇರಿಯನ್ನೇ ಸೇರುತ್ತದೆ. 1980ರ ದಶಕದಿಂದ ಬನಿಯನ್, ಟೀಶರ್ಟುಗಳ ರಫ್ತು ಬೆಳೆದಂತೆ ಅದರ ಆಸುಪಾಸಿನಲ್ಲಿ ಬ್ಲೀಚಿಂಗ್, ಡೈಯಿಂಗ್ ಘಟಕಗಳು ತಲೆ ಎತ್ತಿದವು. ಅವುಗಳ ಸಂಖ್ಯೆ 700 ದಾಟಿತು. ಬಹುಪಾಲು ಸಣ್ಣವು, ಬೇರೆಯವರು ಕೊಟ್ಟ ಬಟ್ಟೆಗೆ ಕೂಲಿಗೆ ಬಣ್ಣ ಹಾಕಿಕೊಡುವಂಥವು.

ನೀರಿನಲ್ಲಿ ಹತ್ತಿಯ ಎಳೆಗೂ ರಿಯಾಕ್ಟಿವ್ ಬಣ್ಣಕ್ಕೂ ಋಣ ವಿದ್ಯುದಂಶ ಇರುತ್ತದೆ, ಒಂದನ್ನೊಂದು ತಳ್ಳುತ್ತವೆ. ಉಪ್ಪು ಈ ತಳ್ಳಾಟವನ್ನು ತಗ್ಗಿಸುತ್ತದೆ. ಗಾಢ ಬಣ್ಣಕ್ಕೆ ಲೀಟರಿಗೆ 60ರಿಂದ 80 ಗ್ರಾಂ ಬೇಕು. ಸಮುದ್ರದ ನೀರಿನಲ್ಲಿರುವುದೇ ಸುಮಾರು 35 ಗ್ರಾಂ. ಬಣ್ಣದ ಬಹುಪಾಲು ಬಟ್ಟೆಯಲ್ಲಿ ನಿಲ್ಲುತ್ತದೆ, ಉಪ್ಪು ಹೆಚ್ಚುಕಡಿಮೆ ಪೂರ್ತಿಯಾಗಿ ಚರಂಡಿಗೆ ಹೋಗುತ್ತದೆ.

ಒಂಟಿಯಾಗಿ ಶುದ್ಧೀಕರಣ ಘಟಕ ಕಟ್ಟುವ ಶಕ್ತಿ ಸಣ್ಣವರಿಗೆ ಇರಲಿಲ್ಲ. 1990ರ ದಶಕದ ಕೊನೆಗೆ ಸೇರಿ ಸಾಮೂಹಿಕ ಘಟಕಗಳನ್ನು ಕಟ್ಟಿದರು. ಅಲ್ಲಿ ಸುಣ್ಣ, ಫೆರಸ್ ಸಲ್ಫೇಟ್ ಹಾಕಿದರೆ ಬಣ್ಣ ಕೆಸರಾಗಿ ತಳ ಸೇರುತ್ತಿತ್ತು. ನೀರು ತಿಳಿಯಾಗಿ ಕಾಣುತ್ತಿತ್ತು. ಆದರೆ ಕರಗಿದ ಉಪ್ಪು ಹಾಗೇ ಉಳಿಯುತ್ತಿತ್ತು. ನೀರಾವರಿಗೆಂದು 1990ರ ದಶಕದ ಆರಂಭದಲ್ಲಿ ಕಟ್ಟಿದ ಒರತ್ತುಪ್ಪಾಳಯಂ ಅಣೆಕಟ್ಟು ಆ ನೀರಿನ ತೊಟ್ಟಿಯಾಯಿತು. ಸುತ್ತಲಿನ ಬಾವಿಗಳು ಉಪ್ಪಾದವು. ಯಾವ ನೀರಿಗಾಗಿ ರೈತರು ಅಣೆಕಟ್ಟು ಬಯಸಿದ್ದರೋ ಆ ನೀರನ್ನು ನಿಲ್ಲಿಸಬೇಡಿ ಎಂದು ಅವರೇ ಹೋರಾಡಬೇಕಾಯಿತು.

2006ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್, ಒಂದು ಹನಿಯೂ ಹೊರಬಿಡದಂತೆ ಮಾಡಲು ಗಡುವು ಕೊಟ್ಟು, ಅಲ್ಲಿಯವರೆಗೆ ಲೀಟರಿನ ಲೆಕ್ಕದಲ್ಲಿ ಪೈಸೆಗಳ ದಂಡ ಹಾಕಿತು. 2009ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆದರೂ ಆಗಲಿಲ್ಲ. 2011ರ ಜನವರಿ 28ರಂದು ಎಲ್ಲ ಘಟಕಗಳಿಗೂ ಬೀಗ ಹಾಕಲು ಆದೇಶ ಬಂತು. ಬಟ್ಟೆ ಬಣ್ಣಕ್ಕಾಗಿ ಬೇರೆ ಊರುಗಳಿಗೆ ಹೋಯಿತು. ಕಾರ್ಮಿಕರು ಕೆಲಸ ಕಳೆದುಕೊಂಡರು.

ಮೊದಲ ಉಪಾಯವೆಂದರೆ ಉಪ್ಪುನೀರನ್ನು ಕುದಿಸಿ ಆವಿ ಮಾಡುವುದು. ಅದಕ್ಕೆ ತಗಲುವ ಉರುವಲು, ವಿದ್ಯುತ್ತಿನ ಖರ್ಚು ಸಣ್ಣವರ ಬೆನ್ನು ಮುರಿಯುವಂತಿತ್ತು. ದಾರಿ ತೆರೆದದ್ದು ಒಂದು ಸರಳ ಯೋಚನೆಯಿಂದ: ಉಪ್ಪನ್ನು ಎಸೆಯುವುದೇಕೆ? ಪೊರೆಗಳ ಮೂಲಕ ಸೋಸಿ ಒಳ್ಳೆಯ ನೀರನ್ನು ತೆಗೆದು, ಉಳಿದ ಉಪ್ಪುನೀರಿನ ಬಣ್ಣ ಕಳೆದು, ಅದನ್ನೇ ಮತ್ತೆ ಡೈಯಿಂಗಿಗೆ ಬಳಸಿದರು. ಕೊಳ್ಳುವ ಉಪ್ಪು ಕಡಿಮೆಯಾಯಿತು, ಕುದಿಸಬೇಕಾದ ನೀರೂ ಕಡಿಮೆಯಾಯಿತು.

‘ಮಾಲಿನ್ಯ’ದ ಮೂಲ ‘ಮಲಿನ’, ಅಂದರೆ ಕೊಳೆಯಾದದ್ದು. ಪದವೇ ನಮ್ಮನ್ನು ಕಣ್ಣಿಗೆ ಕಾಣುವ ಕೊಳೆಯತ್ತ ಎಳೆಯುತ್ತದೆ. ತಿರುಪ್ಪೂರು ಹಲವು ವರ್ಷ ಬಣ್ಣ ತೆಗೆಯುವುದನ್ನೇ ಶುದ್ಧಿ ಎಂದುಕೊಂಡಿತ್ತು. ಕೆಳಗಿನ ಊರುಗಳ ರೈತರಿಗೆ ಮಾತ್ರ ತಮ್ಮ ಬಾವಿಯ ತಿಳಿನೀರನ್ನು ಬಾಯಿಗೆ ಹಾಕಿಕೊಂಡಾಗಲೇ ನಿಜ ಗೊತ್ತಾಗಿತ್ತು.